ಬಾಳೆಗುಳಿಯ ಶರತ್ಕಾಲ: ಕೆಂಪು ಚಿಗುರು, ಬೆಳೆಯುವ ಇರುಳು

ಅಂಕೋಲೆಯ ಬಾಳೆಗುಳಿಯಲ್ಲಿ, ಹುಬ್ಬಳ್ಳಿಯ ರಸ್ತೆ ಕರಾವಳಿ ಹೆದ್ದಾರಿಯಿಂದ ಕವಲೊಡೆಯುವಲ್ಲಿ, ಮಳೆ ಬಿಟ್ಟ ಅಕ್ಟೋಬರಿನ ಒಂದು ಬೆಳಿಗ್ಗೆ ಹಿತ್ತಿಲ ಮಾವಿನ ಮರಗಳತ್ತ ಕಣ್ಣು ಹಾಯಿಸಿ. ಕೆಲವು ಮರಗಳ ಒಂದು ಮಗ್ಗುಲು ದಟ್ಟ ಹಸಿರಾಗಿದ್ದರೆ ಇನ್ನೊಂದು ಮಗ್ಗುಲು ತಾಮ್ರದ ಕೆಂಪು. ಹಣ್ಣೆಲೆ ಉದುರುವ ಮುನ್ನ ಬಣ್ಣ ತಿರುಗಿದೆ ಅಂದುಕೊಳ್ಳಬೇಡಿ. ಅದು ಆಗಷ್ಟೇ ಹೊಮ್ಮಿದ ಚಿಗುರು.

ಶೀತದೇಶಗಳ ಮೇಪಲ್ ಮರವೂ ಶರತ್ಕಾಲದಲ್ಲಿ ಕೆಂಪಾಗುತ್ತದೆ. ಎರಡೂ ಕಡೆ ಕೆಂಪು ತರುವುದು ಆಂಥೋಸಯನಿನ್ ಎಂಬ ಬಣ್ಣವೇ. ಅಲ್ಲಿ ಅದು ಎಲೆಯ ಕೊನೆಗಾಲದಲ್ಲಿ ಮೂಡುತ್ತದೆ, ನಮ್ಮಲ್ಲಿ ಹುಟ್ಟಿನಲ್ಲೇ. ಎಳೆಯ ಎಲೆಯಲ್ಲಿ ಹರಿತ್ತು ಇನ್ನೂ ತುಂಬಿರುವುದಿಲ್ಲ. ಬಿದ್ದ ಬಿಸಿಲನ್ನೆಲ್ಲ ಬಳಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆಂಥೋಸಯನಿನ್ ಆ ಹೆಚ್ಚಿನ ಬೆಳಕನ್ನು ತಡೆಯುತ್ತದೆ ಎಂಬುದು ಒಂದು ವಿವರಣೆ. ಎಲೆ ತಿನ್ನುವ ಹುಳುಗಳನ್ನು ದೂರವಿಡುತ್ತದೆ ಎಂಬುದು ಇನ್ನೊಂದು. ಈ ಕೆಂಪಿಗೂ ಮುಂದಿನ ಬೇಸಿಗೆಯ ಹಣ್ಣಿಗೂ ಸಂಬಂಧವಿದೆ. ಮಾವಿನ ಟೊಂಗೆ ಹೂ ಬಿಡಬೇಕಾದರೆ ಅದರ ಚಿಗುರು ಕೆಲವು ತಿಂಗಳು ಬಲಿಯಬೇಕು. ಅಕ್ಟೋಬರಿನಲ್ಲಿ ಚಿಗುರಿದ ಕಡೆ ಆ ಸಲ ಹೂ ಕಡಿಮೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕರಿ ಇಷಾಡು ಮಾವು ಬೆಳೆಯುವವರು ಈಗ ಮರ ನೋಡಿದರೆ ಮುಂದಿನ ಫಸಲಿನ ಮೊದಲ ಸುಳಿವು ಸಿಗುತ್ತದೆ.

ಅಂಗಳದ ಸೇವಂತಿಗೆ ಕಾಯುವುದು ಇರುಳು ಉದ್ದವಾಗುವುದನ್ನು. ಅಂಕೋಲೆ ಸಮಭಾಜಕದಿಂದ ಸುಮಾರು 14.7 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆ 15 ನಿಮಿಷದಷ್ಟು. ಲಂಡನ್ನಿನಲ್ಲಿ ಈ ಅಂತರ ಎಂಟು ಗಂಟೆಗೂ ಮೇಲೆ. ನಮಗೆ ಹೆಚ್ಚುಕಡಿಮೆ ಗೊತ್ತೇ ಆಗದ ಬದಲಾವಣೆ ಗಿಡಕ್ಕೆ ಗೊತ್ತಾಗುತ್ತದೆ. ಹಗಲಿರುಳಿನ ಅಳತೆ ಹೂವಿನ ಕಾಲವನ್ನು ನಿರ್ಧರಿಸುತ್ತದೆಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಅವರ ಮುಖ್ಯ ಸಾಕ್ಷಿ ಒಂದು ತಂಬಾಕಿನ ತಳಿ. ಗಿಡ ನಿಜಕ್ಕೂ ಅಳೆಯುವುದು ಅಡೆತಡೆಯಿಲ್ಲದ ಕತ್ತಲನ್ನು ಎಂದು ಆಮೇಲೆ ತಿಳಿಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಪ್ರೋಟೀನು ಬೆಳಕು ಬಿದ್ದರೆ ಒಂದು ರೂಪ, ಕತ್ತಲಾದರೆ ಇನ್ನೊಂದು ರೂಪ ತಾಳುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಬೆಳಗಿದರೂ ಲೆಕ್ಕ ತಪ್ಪುತ್ತದೆ. ಹೂವಿನ ಬೆಳೆಗಾರರು ಸೇವಂತಿಗೆಯನ್ನು ಬೇಕಾದ ಹಬ್ಬಕ್ಕೆ ಅರಳಿಸಲು ರಾತ್ರಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ನಿಮ್ಮ ಸೇವಂತಿಗೆ ಮೊಗ್ಗು ಬಿಡಲು ತಡಮಾಡಿದರೆ ಗೊಬ್ಬರ ಹಾಕುವ ಮೊದಲು ಅಂಗಳದ ದೀಪ ಆರಿಸಿ ನೋಡಿ.

ಪಾರಿಜಾತಕ್ಕೆ ಕತ್ತಲು ಬೇರೆ ರೀತಿಯಲ್ಲಿ ಬೇಕು. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಈ ಹೂವಿನ ಬಿಳಿ ಎಸಳು, ಗಾಢ ಪರಿಮಳ ಎರಡೂ ಇರುಳಿನ ಪತಂಗಗಳಿಗಾಗಿ. ತೊಟ್ಟಿನ ಕಿತ್ತಳೆ ಬಣ್ಣ ಕೇಸರಿಯ ಬಣ್ಣಕ್ಕೆ ಹತ್ತಿರದ ಸಂಬಂಧಿ. ಹಿಂದೆ ಅದರಿಂದ ಬಟ್ಟೆಗೂ ಬಣ್ಣ ಹಾಕುತ್ತಿದ್ದರು.

ಈ ಕಾಲದ ಕಾಯಿಹಣ್ಣುಗಳಲ್ಲಿ ದೀಪಾವಳಿಯ ಹಿಂಡ್ಲೆಕಾಯಿಗೆ ಮೊದಲ ಸ್ಥಾನ. ಕೊಂಕಣಿ ಮನೆಗಳಲ್ಲಿ ಇದು ಕಾರೀಟ್. ನರಕ ಚತುರ್ದಶಿಯ ದಿನ ಕಾಲಿನಿಂದ ತುಳಿದು ಒಡೆಯುವ ಈ ಕಾಯಿಯ ಕಹಿಗೆ ಕುಕರ್ಬಿಟಾಸಿನ್ ಕಾರಣ. ಸೌತೆಯ ಕುಲದ ಹಲವು ಗಿಡಗಳು ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ಬಳಸುವ ರಾಸಾಯನಿಕವದು. ಬೇಲಿಯ ಕೇಪಳ ಇದಕ್ಕೆ ವಿರುದ್ಧ: ಪಿಕಳಾರಗಳಿಗೆ ಸಿಹಿ ಹಣ್ಣು ಕೊಟ್ಟು ಬೀಜ ಸಾಗಿಸಿಕೊಳ್ಳುತ್ತದೆ. ಗುಲಗಂಜಿಯ ಕೆಂಪು-ಕಪ್ಪು ಬೀಜವೂ ಹಕ್ಕಿಯನ್ನು ಹಣ್ಣಿನಂತೆಯೇ ಸೆಳೆಯುತ್ತದೆ, ತಿನ್ನಲು ಮಾತ್ರ ತಿರುಳೇ ಇಲ್ಲ. ಅದರೊಳಗಿನ ಅಬ್ರಿನ್ ಜೀವಕೋಶಗಳಲ್ಲಿ ಪ್ರೋಟೀನು ತಯಾರಾಗುವುದನ್ನೇ ನಿಲ್ಲಿಸುವ ವಿಷ. ಸಿಪ್ಪೆ ಗಟ್ಟಿಯಾದ್ದರಿಂದ ಇಡೀ ಬೀಜ ನುಂಗಿದರೆ ಎಷ್ಟೋ ಸಲ ಹಾಗೇ ಹೊರಹೋಗುತ್ತದೆ; ಅಗಿದರೆ ಅಥವಾ ಸರ ಪೋಣಿಸಲು ತೂತು ಕೊರೆದಿದ್ದರೆ ಜೀವಕ್ಕೇ ಅಪಾಯ. ಬೇಲಿಯಲ್ಲಿ ಬಳ್ಳಿ ಇರಲಿ, ಕೀಳಬೇಡಿ. ಬೀಜ ಮಾತ್ರ ಪುಟ್ಟ ಮಕ್ಕಳ ಕೈಗೆ ಕೊಡಬೇಡಿ. ಮಗು ಅಗಿದದ್ದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.