ಹಾಡಿಗೆ ಮುಖ ಕೊಟ್ಟ ಚಿತ್ರಗಾರ

ನೋಟ್‌ಬುಕ್ ಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಒಳಗಿನ ಹಾಳೆಗಿಂತ ಮೊದಲು ರಟ್ಟಿನ ಚಿತ್ರವನ್ನೇ ನೋಡುತ್ತಾರೆ. ನೂರು ವರ್ಷಗಳ ಹಿಂದೆ ಜಪಾನಿನ ತರುಣಿಯರು ಹಾಡುಗಳನ್ನೂ ಹೀಗೆಯೇ ಆರಿಸುತ್ತಿದ್ದಿರಬೇಕು. ಅಲ್ಲಿ ರೇಡಿಯೋ ಬಂದದ್ದು 1925ರಲ್ಲಿ. ಅದಕ್ಕೂ ಮೊದಲು ಹೊಸ ಹಾಡುಗಳು ಸ್ವರಲಿಪಿಯ ತೆಳು ಪುಸ್ತಕಗಳಾಗಿ ಅಚ್ಚಾಗಿ ಮನೆಗಳಿಗೆ ಬರುತ್ತಿದ್ದವು. ಸೆನೋ ಎಂಬ ಪ್ರಕಾಶಕರ ಇಂತಹ 250ಕ್ಕೂ ಹೆಚ್ಚು ಪುಸ್ತಕಗಳಿಗೆ ಮುಖಪುಟ ಬರೆದವರು ತಾಕೆಹಿಸಾ ಯುಮೆಜಿ. ಯುರೋಪಿನ ಅಪರಿಚಿತ ರಾಗವೂ ಅವರ ಚಿತ್ರ ಹೊತ್ತು ಬಂದಾಗ ಮನೆಯದೇ ಎನಿಸುತ್ತಿತ್ತು.

1884ರಲ್ಲಿ ಒಕಾಯಾಮಾ ಪ್ರಾಂತ್ಯದಲ್ಲಿ ಹುಟ್ಟಿದ ಯುಮೆಜಿ ಯಾವ ಕಲಾಶಾಲೆಯ ಪದವಿಯನ್ನೂ ಪಡೆದವರಲ್ಲ. ಪತ್ರಿಕೆಗಳಿಗೆ ಚಿಕ್ಕ ಚಿತ್ರ ಬರೆದೇ ಬೆಳೆದವರು. 1909ರಲ್ಲಿ ಬಂದ ಅವರ ಮೊದಲ ಚಿತ್ರಸಂಗ್ರಹ ಬಿಸಿದೋಸೆಯಂತೆ ಖರ್ಚಾಯಿತು. ದೊಡ್ಡ ಕಣ್ಣು, ಬಾಗಿದ ಕತ್ತು, ಏನನ್ನೋ ಕಳೆದುಕೊಂಡಂತಹ ಮುಖ. ಅವರ ಹೆಣ್ಣುಗಳನ್ನು ಜನ ದೂರದಿಂದಲೇ ಗುರುತಿಸುತ್ತಿದ್ದರು.

ಆ ದೊಡ್ಡ ಕಣ್ಣುಗಳು ಪತ್ನಿ ತಮಾಕಿಯವು ಎನ್ನುತ್ತಾರೆ. 1907ರಲ್ಲಿ ಮದುವೆ, ಎರಡೇ ವರ್ಷಕ್ಕೆ ವಿಚ್ಛೇದನ. ಆಕೆಯ ಜೀವನಕ್ಕೊಂದು ದಾರಿಯಾಗಲೆಂದು 1914ರಲ್ಲಿ ಟೋಕಿಯೋದ ನಿಹೊಂಬಾಶಿಯಲ್ಲಿ 'ಮಿನಾತೊಯಾ' ಎಂಬ ಅಂಗಡಿ ತೆರೆದರು. ಪತ್ರದ ಹಾಳೆ, ಲಕೋಟೆ, ಬಣ್ಣದ ಕಾಗದ, ಕಿಮೋನೋ ಕೊರಳಪಟ್ಟಿ, ಎಲ್ಲದರ ಮೇಲೂ ಯುಮೆಜಿಯ ವಿನ್ಯಾಸ. ಗೋಡೆಗೆ ತೂಗುಹಾಕುವ ಚಿತ್ರ ಸಿರಿವಂತರ ಸೊತ್ತು. ಆದರೆ ಗೆಳತಿಗೆ ಕಾಗದ ಬರೆಯುವ ಹುಡುಗಿಗೆ ಒಂದು ಹಾಳೆ ದಕ್ಕದೇ? ನನಗೆ ಮಾತ್ರ ಆ ಚಿತ್ರಗಳಿಗಿಂತ ಗಲ್ಲದ ಹಿಂದೆ ಕುಳಿತು ಲೆಕ್ಕ ನೋಡುತ್ತಿದ್ದ ತಮಾಕಿಯೇ ಹೆಚ್ಚು ನೆನಪಾಗುತ್ತಾರೆ.

ಯುಮೆಜಿ ಕವಿಯೂ ಹೌದು. 1910ರ ಬೇಸಿಗೆಯಲ್ಲಿ ಕಡಲತೀರದ ಊರಿನಲ್ಲಿ ಕಂಡ ತರುಣಿಗೆ ಬೇರೆಡೆ ಮದುವೆಯಾಯಿತು. ಆ ನೆನಪಿನಲ್ಲಿ ಬರೆದ ಮೂರೇ ಸಾಲಿನ ಕವಿತೆ 'ಯೊಯಿಮಾಚಿಗುಸಾ', ಸಂಜೆ ಅರಳುವ ಹೂವೊಂದರ ಹೆಸರು. ಓನೋ ತಾದಾಸುಕೆ ಅದಕ್ಕೆ ರಾಗ ಹಾಕಿದರು. 1918ರಲ್ಲಿ ಯುಮೆಜಿಯದೇ ಮುಖಪುಟದೊಂದಿಗೆ ಅಚ್ಚಾಗಿ ಅದು ದೇಶವೆಲ್ಲ ಹಬ್ಬಿತು.

1923ರ ಸೆಪ್ಟೆಂಬರ್ ಭೂಕಂಪದಲ್ಲಿ ಟೋಕಿಯೋ ಸುಟ್ಟು ಬೂದಿಯಾಯಿತು. ಸುಳ್ಳು ವದಂತಿ ನಂಬಿದ ಕಾವಲು ಗುಂಪುಗಳು ಸಾವಿರಾರು ಕೊರಿಯನ್ನರನ್ನು ಕೊಂದವು. ಯುಮೆಜಿ ಅವಶೇಷಗಳ ನಡುವೆ ನಡೆದು ಕಂಡದ್ದನ್ನು ಬರೆದು ಪತ್ರಿಕೆಗೆ ಕೊಡುತ್ತಿದ್ದರು. ಒಂದು ದಿನದ ಚಿತ್ರದಲ್ಲಿ ಮಕ್ಕಳು ಆಡುತ್ತಿದ್ದಾರೆ. ಒಬ್ಬ ಹುಡುಗನನ್ನು 'ಶತ್ರು' ಮಾಡಿ ಕೋಲು ಹಿಡಿದು ಅಟ್ಟಿಸುವ ಆಟ. ಆ ಆಟ ಬೇಡವೆಂದು ಚಿತ್ರದ ಜೊತೆಗೇ ಮಕ್ಕಳಿಗೆ ಹೇಳಿದ್ದರು ಯುಮೆಜಿ.