ಒಂದು ಹನಿ ನೆತ್ತರಿಗೆ ನಿಲ್ಲುವ ಕಾಳಗ

ವಿಜಯದಶಮಿಯ ಬೆಳಿಗ್ಗೆ. ಮೈಸೂರು ಅರಮನೆಯ ಅಂಗಳದ ಮಣ್ಣಿನ ಅಖಾಡದಲ್ಲಿ ಎರಡು ಜೋಡಿ ಜಟ್ಟಿಗಳು ಎದುರುಬದುರಾಗಿ ನಿಂತಿರುತ್ತಾರೆ. ತಲೆ ನುಣ್ಣಗೆ ಬೋಳಾಗಿದೆ. ಬಲಗೈಯ ಬೆರಳುಗಳಲ್ಲಿ ಮೊನೆಯುಳ್ಳ ವಜ್ರಮುಷ್ಟಿ. ಒಬ್ಬನ ತಲೆಯಲ್ಲಿ ನೆತ್ತರು ಜಿನುಗಿದೊಡನೆ ಕಾಳಗ ಮುಗಿಯಿತು! ನೋಡಬಂದವರು ಕಣ್ಣು ಮಿಟುಕಿಸುವಷ್ಟರಲ್ಲಿಯೇ ಮುಗಿದುಹೋಗುವುದೂ ಉಂಟು. ರಾಜವಂಶಸ್ಥರು ಬನ್ನಿಪೂಜೆಗೆ ಹೊರಡುವುದು ಆ ಬಳಿಕ.

ಇಂತಹ ನೋಟ ಮಕ್ಕಳ ಮನಸ್ಸನ್ನು ಕೆಡಿಸದೆ? ಮಗ ಗರಡಿಗೆ ಹೋಗುತ್ತೇನೆಂದಾಗ ತಾಯಿಯ ಎದೆ ಅಳುಕುವುದು ಈ ಶಂಕೆಯಿಂದಲೇ. ಪಂಡಿತರಲ್ಲಿಯೂ ಒಮ್ಮತವಿಲ್ಲ. ಮನುಷ್ಯನಲ್ಲಿ ಹುಟ್ಟಿನಿಂದಲೇ ಕೂಡಿಬಂದ ಕಲಹಬುದ್ಧಿಗೆ ಕ್ರೀಡೆಯೊಂದು ಹೊರದಾರಿ ಎಂದು ಕೊನ್ರಾಡ್ ಲೊರೆಂಜ್ 1963ರಲ್ಲಿ ವಾದಿಸಿದರು. ಹತ್ತು ವರ್ಷಗಳ ತರುವಾಯ ರಿಚರ್ಡ್ ಸೈಪ್ಸ್ ಇಪ್ಪತ್ತು ಸಮಾಜಗಳನ್ನು ಹೋಲಿಸಿ ನೋಡಿದರು. ಕ್ರೀಡೆ ಹೊರದಾರಿಯಾಗಿದ್ದರೆ, ಕಾದಾಟದ ಆಟಗಳಿರುವಲ್ಲಿ ಯುದ್ಧ ಕಡಮೆಯಿರಬೇಕಿತ್ತು. ಆದರೆ ಯುದ್ಧಪ್ರಿಯರಲ್ಲಿಯೇ ಅಂತಹ ಆಟಗಳು ಹೆಚ್ಚಾಗಿದ್ದವು. ಲೊರೆಂಜರ ವಾದಕ್ಕೆ ಇದು ಬಲವಾದ ಪೆಟ್ಟು. ಹಾಗೆಂದು ಆಟದಿಂದಲೇ ಯುದ್ಧ ಹುಟ್ಟಿತೆಂದೂ ಹೇಳುವಂತಿಲ್ಲ. ಒಂದೇ ನೆಲದಲ್ಲಿ ಎರಡೂ ಬೆಳೆದಿರಬಹುದು.

ಬೀದಿಯ ಜಗಳದ ಬಗೆಯೇ ಬೇರೆ. ಕೊಳಾಯಿಯ ಬಳಿ ಯಾರೋ ಕೊಡ ಸರಿಸಿದರೆಂದು ಮಾತು ಮೊದಲಾಗುತ್ತದೆ. ನೀರಿನ ಕಥೆ ಅಲ್ಲಿಗೇ ಮರೆತುಹೋಗಿ, ನಾಲ್ವರೆದುರು ಮಾನ ಹೋಯಿತೆಂಬುದೊಂದೇ ಉಳಿಯುತ್ತದೆ. ಸುತ್ತ ನಿಂತವರು ಬಿಡಿಸುವುದಕ್ಕಿಂತ ಹುರಿದುಂಬಿಸುವುದೇ ಹೆಚ್ಚು. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತುಮಾಡಿದವರು ಅಲ್ಲಿ ಯಾರೂ ಇಲ್ಲ.

ದಸರೆಯ ನಾಡಕುಸ್ತಿಗೆ ಹಗೆಯ ಹಂಗಿಲ್ಲ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಸೆಣಸುವ ಪೈಲ್ವಾನರಿಗೆ ಮೊದಲೇ ‘ಜೋಡಿ ಕಟ್ಟು’ತ್ತಾರೆ, ತೂಕ, ವಯಸ್ಸು, ಪಳಗಿದ ಕೈ ನೋಡಿ ಸರಿಸಮಾನರನ್ನು ಆರಿಸುತ್ತಾರೆ. ಬೆನ್ನು ಮಣ್ಣಿಗೆ ತಾಗಿ ‘ಚಿತ್’ ಆದರೆ ಸೋಲು. ಸಿಟ್ಟಿಗೆದ್ದ ಪೈಲ್ವಾನ ಪಟ್ಟು ಮರೆಯುತ್ತಾನೆ. ಗರಡಿಯಲ್ಲಿ ಸಿಟ್ಟು ದೌರ್ಬಲ್ಯವೆನಿಸುವುದು ಅದಕ್ಕೇ.

ಕಟ್ಟು ಸಡಿಲವಾದರೆ ಆಟವೂ ಕ್ರೂರವಾಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಅಲ್ಲಿನ ಮಲ್ಲರ ಹೊಡೆತಕ್ಕೆ ಹಲ್ಲುಗಳು ಮುರಿಯುತ್ತಿದ್ದುದನ್ನೂ ಕಣ್ಣುಗಳೇ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಮೈಸೂರಿನ ವಿಜಯದಶಮಿಯಂದು ಅಷ್ಟರವರೆಗೆ ಹೋಗಲು ಬಿಡುವುದಿಲ್ಲ. ಹಬ್ಬವೂ ಅದೇ ಪರಂಪರೆಯದು, ಮುಷ್ಟಿಯೂ ಮುಷ್ಟಿಯೇ. ನಿಲ್ಲಿಸುವ ಗೆರೆ ಮಾತ್ರ ಬೇರೆ.

ಆದ್ದರಿಂದ ಮಗನನ್ನು ಗರಡಿಗೆ ಸೇರಿಸುವ ಮುನ್ನ ತಾಯಿ ವಿಚಾರಿಸಬೇಕಾದುದು ಅಲ್ಲಿ ಎಷ್ಟು ಪಟ್ಟು ಕಲಿಸುತ್ತಾರೆಂಬುದನ್ನಲ್ಲ. ಸಾಕು ಎಂದಾಗ ಹುಡುಗರು ಕೈ ಬಿಡುತ್ತಾರೆಯೇ ಎಂಬುದನ್ನು. ಜಟ್ಟಿಗಳ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. 1909ರಲ್ಲಿ ಅಚ್ಚಾದ ಥರ್ಸ್ಟನ್ನರ ಗ್ರಂಥದಲ್ಲಿ ಈ ಮಲ್ಲರು ಮೈ ನೀವಿ, ಲೇಪ ಹಚ್ಚಿ ನರದ ನೋವು ಕಳೆಯುತ್ತಿದ್ದರೆಂಬ ಉಲ್ಲೇಖವಿದೆ. ಎಲ್ಲಿ ಹೊಡೆದರೆ ನೋಯುವುದೆಂದು ಬಲ್ಲ ಕೈಗೆ, ಎಲ್ಲಿ ನೀವಿದರೆ ವಾಸಿಯಾಗುವುದೆಂಬುದೂ ತಿಳಿದಿತ್ತು.