ಹೊಳೆಯುವ ಅಲೆ ನೋಡಲು ಘಟ್ಟ ಇಳಿಯುವ ಮುನ್ನ

2020ರ ನವೆಂಬರ್ ಕೊನೆಯಲ್ಲಿ ಉಡುಪಿ ಜಿಲ್ಲೆಯ ಮಲ್ಪೆ, ಮಟ್ಟು ಕಡೆಯ ತೀರದಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವು. ವಿಡಿಯೊಗಳು ಒಳನಾಡಿನವರ ಮೊಬೈಲಿಗೂ ಬಂದವು. ಆದರೆ ನೋಡಲು ಹೊರಟರೆ ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಬೇಲೂರು ದಾಟಿ, ಮೂಡಿಗೆರೆ ಮೇಲೆ ಚಾರ್ಮಾಡಿ ಘಟ್ಟ ಇಳಿದು ಕಡಲು ಮುಟ್ಟುವಷ್ಟರಲ್ಲಿ ಹಗಲು ಕಳೆಯುತ್ತದೆ. ರಾತ್ರಿ ಉಳಿಯುವ ಖರ್ಚು ಬೇರೆ. ಕಡಲು ಹೊಳೆಯುವುದು ಮಾತ್ರ ನಮ್ಮ ರಜೆ ನೋಡಿಕೊಂಡಲ್ಲ.

ಹೊಳೆಯುವುದು ನೀರಲ್ಲ, ನೀರಿನಲ್ಲಿ ತೇಲುವ ನಾಕ್ಟಿಲುಕಾ ಎಂಬ ಏಕಕೋಶ ಜೀವಿ. ದುಂಡಗೆ, ಪಾರದರ್ಶಕವಾಗಿ, ಸಾಬಕ್ಕಿಯ ಕಾಳನ್ನು ತೀರಾ ಚಿಕ್ಕದು ಮಾಡಿದಂತಿರುತ್ತದೆ. ಗಾತ್ರ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಅದರೊಳಗಿನ ಸೂಕ್ಷ್ಮ ಕಣಗಳಲ್ಲಿ ಲುಸಿಫೆರಿನ್ ಎಂಬ ರಾಸಾಯನಿಕವೂ ಲುಸಿಫೆರೇಸ್ ಎಂಬ ಕಿಣ್ವವೂ ಇರುತ್ತವೆ. ನೀರು ಕದಡಿ ಕೋಶದ ಮೇಲೆ ಒತ್ತಡ ಬಿದ್ದರೆ ಆ ಕಣಗಳೊಳಗೆ ಆಮ್ಲೀಯತೆ ಏರಿ ಕಿಣ್ವ ಚುರುಕಾಗುತ್ತದೆ. ಲುಸಿಫೆರಿನ್ ಆಮ್ಲಜನಕದೊಂದಿಗೆ ಸೇರಿದಾಗ ನೀಲಿ ಬೆಳಕು ಹೊಮ್ಮುತ್ತದೆ, ಅದೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಹಾಗಾಗಿ ಶಾಂತ ನೀರು ಕಪ್ಪಾಗಿಯೇ ಇರುತ್ತದೆ; ಅಲೆ ಒಡೆಯುವ ಅಂಚು, ದೋಣಿ ಹಾದ ಜಾಡು, ಒದ್ದೆ ಮರಳಿನ ಮೇಲಿಟ್ಟ ಹೆಜ್ಜೆ ಮಿನುಗುತ್ತವೆ. ತಿನ್ನಲು ಬಂದ ಸಣ್ಣ ಜೀವಿಗಳನ್ನು ಬೆದರಿಸಲು ಈ ಮಿಂಚು ಎಂಬುದು ವಿಜ್ಞಾನಿಗಳ ವಿವರಣೆ.

ಈ ಜೀವಿ ಕೋಟಿಗಟ್ಟಲೆ ಒಟ್ಟುಗೂಡಿದರೆ ಮಾತ್ರ ಅಲೆ ಬೆಳಗೀತು. ಅರಬ್ಬಿ ಸಮುದ್ರದಲ್ಲಿ ಅದಕ್ಕೆ ಅನುಕೂಲದ ಕಾಲ ಮಳೆಗಾಲ ಮುಗಿದ ಮೇಲೆ, ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ಆ ತಿಂಗಳುಗಳಲ್ಲೂ ಖಾತ್ರಿಯಿಲ್ಲ, ಗಾಳಿ ಮತ್ತು ಸಮುದ್ರದ ಪ್ರವಾಹ ಕೆಲವೇ ದಿನಗಳಲ್ಲಿ ಗುಂಪನ್ನು ಚದುರಿಸಿಬಿಡಬಹುದು. ಹಗಲಿನಲ್ಲಿ ನೀರಿನ ಮೇಲೆ ಹಸಿರು ಅಥವಾ ಇಟ್ಟಿಗೆ ಕೆಂಪಿನ ಪಟ್ಟೆ ಕಂಡರೆ ಅದು ಒಳ್ಳೆಯ ಸೂಚನೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಉಪಗ್ರಹದ ನೆರವಿನಿಂದ ಸಮುದ್ರದಲ್ಲಿ ಪಾಚಿ, ಇಂಥ ತೇಲುವ ಜೀವಿಗಳು ಹೆಚ್ಚಿದ ಜಾಗಗಳ ಮಾಹಿತಿ ಕೊಡುತ್ತದೆ. ಆದರೆ ಇವತ್ತು ರಾತ್ರಿ ಹೊಳೆಯುತ್ತದೆಯೇ ಎಂದು ತಿಳಿಯಲು ಮಲ್ಪೆಯ ಮೀನುಗಾರರೊಬ್ಬರ ಪರಿಚಯವಿದ್ದರೆ ಅದಕ್ಕಿಂತ ಲೇಸು. ಹಿಂದಿನ ರಾತ್ರಿ ಬಲೆ ಎಳೆದವರಿಗೆ ಗೊತ್ತಿರುತ್ತದೆ. ಸುದ್ದಿ ಬಂದ ಮೇಲೆ ಹೊರಡಿ. ರೂಮು ಮೊದಲು ಬುಕ್ ಮಾಡಿ ಸುದ್ದಿಗೆ ಕಾಯಬೇಡಿ.

ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಉತ್ತಮ. ಬೆಳದಿಂಗಳಿದ್ದರೆ ಮಂದ ಹೊಳಪು ಕಾಣದೇ ಹೋಗುತ್ತದೆ. ಮಲ್ಪೆಯ ಮುಖ್ಯ ಬೀಚಿನಲ್ಲಿ ದೀಪಗಳು ಜಾಸ್ತಿ. ದಕ್ಷಿಣಕ್ಕಿರುವ ಪಡುಕೆರೆ, ಮಟ್ಟು ಕಡೆ ಕತ್ತಲು ಹೆಚ್ಚು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮಧ್ಯೆ ಒಮ್ಮೆ ಮೊಬೈಲ್ ಪರದೆ ನೋಡಿದರೂ ಮತ್ತೆ ಕಾಯಬೇಕು. ಅನುಮಾನವಿದ್ದರೆ ಪಾರದರ್ಶಕ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿ ಕತ್ತಲಲ್ಲಿ ಕುಲುಕಿ ನೋಡಿ, ಕಿಡಿ ಕಂಡರೆ ಜೀವಿ ಅಲ್ಲಿದೆ.

ಫೋಟೊದ ನೀಲಿಯನ್ನು ಕಣ್ಣಿಗೆ ನಿರೀಕ್ಷಿಸಬೇಡಿ. ಕ್ಯಾಮೆರಾ ಹಲವು ಸೆಕೆಂಡುಗಳ ಬೆಳಕನ್ನು ಒಂದೇ ಚಿತ್ರಕ್ಕೆ ಕೂಡಿಸುತ್ತದೆ. ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವುದರಲ್ಲಿ ನಮ್ಮ ಕಣ್ಣು ಬಲು ದುರ್ಬಲ. ಹಲವರಿಗೆ ಕಾಣುವುದು ಬೂದು ಬಿಳುಪಿನ ಮಿನುಗು. ನಿರಾಸೆ ಹುಟ್ಟಿಸುವುದು ಕಡಲಲ್ಲ, ವಾಟ್ಸಾಪಿಗೆ ಬಂದ ಚಿತ್ರ. ಚಿತ್ರ ತೆಗೆಯಲೇಬೇಕೆಂದರೆ ಟ್ರೈಪಾಡ್ ಒಯ್ಯಿರಿ, ಫ್ಲ್ಯಾಶ್ ಬಳಸಬೇಡಿ.

ಕತ್ತಲ ಕಡಲಿಗೆ ಈಜಲು ಇಳಿಯಬೇಡಿ. ಅಲೆಯ ಸೆಳೆತ ಕಾಣುವುದಿಲ್ಲ. ಪಾದ ಮುಳುಗುವಷ್ಟು ನೀರು ಸಾಕು. ನಾಕ್ಟಿಲುಕಾದಲ್ಲಿ ಅಮೋನಿಯ ಶೇಖರವಾಗುವುದರಿಂದ ಆ ನೀರಿನಲ್ಲಿ ಮೈ ತುರಿಕೆ ಬರಬಹುದು. ಈ ಜೀವಿ ವಿಪರೀತ ಹೆಚ್ಚಿ ಸತ್ತು ಕೊಳೆತರೆ ನೀರಿನ ಆಮ್ಲಜನಕ ಕುಗ್ಗಿ ಮೀನಿಗೂ ಕಷ್ಟ. ನೋಡುವವರಿಗೆ ಹಬ್ಬವಾದದ್ದು ಬಲೆ ಬೀಸುವವರಿಗೆ ಹಾಗಲ್ಲ.

ಇದನ್ನು ಹಳೇಬೀಡಿನ ಕೆರೆಯಲ್ಲೋ ಯಗಚಿ ನದಿಯಲ್ಲೋ ಹುಡುಕಿ ಫಲವಿಲ್ಲ, ನಾಕ್ಟಿಲುಕಾ ಉಪ್ಪುನೀರಿನ ಜೀವಿ. ಕಡಲಿಗೆ ಹೋಗಲಾಗದವರು ಮಳೆ ಹಿಡಿಯುವ ಮುಂಚೆ, ಮೇ ಕೊನೆಯ ಹೊತ್ತಿಗೆ, ಸಕಲೇಶಪುರ ಅಥವಾ ಮೂಡಿಗೆರೆ ಕಡೆಯ ಕಾಡಂಚಿಗೆ ಹೋಗಿ ಮಿಂಚುಹುಳ ನೋಡಬಹುದು. ಟಾರ್ಚ್ ಆರಿಸಿ ಕಾಯುವ ನಿಯಮ ಅಲ್ಲೂ ಅದೇ.